ಸ್ವಜನರಕ್ಷಣೆಗೆ ಸ್ಮರಣೆ ಬೇಡವೇ?

ತನ್ನವರನ್ನು ಕಾಪಾಡುವುದು ಮನುಷ್ಯನ ಸಹಜ ಕರ್ತವ್ಯ. ಕರ್ತವ್ಯಕ್ಕೆ ಸನ್ಮಾನವೇಕೆ ಎಂಬ ವಾದವು ಮೇಲ್ನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ. ಸಾಲ ತೀರಿಸಿದವನನ್ನು ಯಾರೂ ದಾನಿಯೆಂದು ಕರೆಯುವುದಿಲ್ಲವಷ್ಟೆ. ಆದರೆ ಆಮ್‌ಸ್ಟರ್‌ಡ್ಯಾಮ್ ನಗರದ ಒಂದು ಬೀದಿಯಲ್ಲಿ ಈ ವಾದದ ಟೊಳ್ಳುತನ ಬಯಲಾಗುತ್ತದೆ.

1942-43ರಲ್ಲಿ ನಾಜಿಗಳು ಆ ನಗರದ ಯಹೂದ್ಯರನ್ನು ಒಂದು ನಾಟಕಶಾಲೆಯಲ್ಲಿ ಕೂಡಿಹಾಕಿ, ಅಲ್ಲಿಂದ ಶಿಬಿರಗಳಿಗೆ ಸಾಗಿಸುತ್ತಿದ್ದರು. ಎಳೆಯ ಮಕ್ಕಳನ್ನು ಎದುರಿನ ಶಿಶುವಿಹಾರದಲ್ಲಿ ಇರಿಸಲಾಗುತ್ತಿತ್ತು. ನಾಟಕಶಾಲೆಯ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಯಹೂದಿ ವಾಲ್ಟರ್ ಸ್ಯೂಸ್ಕಿಂಡ್ ದಾಖಲೆಗಳಿಂದ ಮಕ್ಕಳ ಹೆಸರುಗಳನ್ನು ತೆಗೆದರು. ಶಿಶುವಿಹಾರದ ಮುಖ್ಯಸ್ಥೆ ಹೆನ್ರಿಯೆಟ್ ಪಿಮೆಂಟೆಲ್, ಅವರೂ ಯಹೂದಿಯೇ, ಮಕ್ಕಳನ್ನು ಗುಟ್ಟಾಗಿ ಹೊರಗೆ ಕಳುಹಿಸಿದರು. ಪಕ್ಕದ ಶಿಕ್ಷಕರ ತರಬೇತಿ ಶಾಲೆಯ ಯೋಹಾನ್ ವಾನ್ ಹಲ್ಸ್ಟ್ ಎಂಬ ಕ್ರೈಸ್ತ ಗೃಹಸ್ಥರು ಹಿತ್ತಿಲ ಬೇಲಿಯಾಚೆ ನಿಂತು ಅವರನ್ನು ಬರಮಾಡಿಕೊಂಡರು. ಸುಮಾರು 600 ಮಕ್ಕಳು ಉಳಿದರು.

ವಾನ್ ಹಲ್ಸ್ಟ್ ಅವರನ್ನು ಜೆರುಸಲೇಮಿನ ಯಾದ್ ವಶೇಮ್ ಸ್ಮಾರಕಸಂಸ್ಥೆ 1972ರಲ್ಲಿ ಗೌರವಿಸಿತು. ಅದು ಉಚಿತವೇ. ಪಿಮೆಂಟೆಲ್ 1943ರಲ್ಲಿ ಆಶ್ವಿಟ್ಜ್‌ನಲ್ಲಿ ಹತರಾದರು. ಸ್ಯೂಸ್ಕಿಂಡ್ ಮಡದಿ ಮಗಳನ್ನು ಕಳೆದುಕೊಂಡು 1945ರಲ್ಲಿ ತಾವೂ ಗತಿಸಿದರು. ಅದೇ ಬೀದಿ, ಅವೇ ಮಕ್ಕಳು; ಆದರೆ 28 ಸಾವಿರಕ್ಕೂ ಹೆಚ್ಚು ಹೆಸರುಗಳಿರುವ ಆ ಗೌರವಪಟ್ಟಿಯಲ್ಲಿ ಇವರಿಗೆ ಸ್ಥಳವಿಲ್ಲ. ಅದು ಯಹೂದ್ಯೇತರರಿಗೆ ಮಾತ್ರ ಮೀಸಲು.

ಪರರ ಉಪಕಾರವನ್ನು ಪ್ರತ್ಯೇಕವಾಗಿ ನೆನೆಯುವ ನಿಯಮದಲ್ಲಿ ದೋಷವಿಲ್ಲ. ಆ ಖಾತೆಯಲ್ಲಿ ಬರೆಯದಿದ್ದುದೆಲ್ಲ ಶೂನ್ಯವೆಂದು ಲೋಕವು ಬಗೆದುದೇ ದೋಷ. ಸಾಲ ತೀರಿಸುವುದು ಕರ್ತವ್ಯವೆಂಬುದು ನಿಜ. ಆದರೆ ಪ್ರಾಣವನ್ನೇ ಒತ್ತೆಯಿಟ್ಟು ತೀರಿಸಬೇಕಾದಾಗ ಎಷ್ಟು ಮಂದಿ ತೀರಿಸಿಯಾರು? ಮರಣದಂಡನೆ ತನ್ನ ತಲೆಯ ಮೇಲೆಯೇ ತೂಗುತ್ತಿರುವಾಗ ಮನುಷ್ಯನಿಗೆ ಸಹಜವಾದುದು ಸ್ವಜನರಕ್ಷಣೆಯಲ್ಲ, ಸ್ವರಕ್ಷಣೆ. 1944ರ ಮೇ ತಿಂಗಳಲ್ಲಿ 28 ಮಕ್ಕಳನ್ನು ಫ್ರಾನ್ಸಿನಿಂದ ಸ್ವಿಟ್ಜರ್ಲೆಂಡಿಗೆ ದಾಟಿಸಲು ಹೋಗಿ ಸೆರೆಸಿಕ್ಕ ತರುಣಿ ಮೇರಿಯಾನ್ ಕೊಹ್ನ್, ತಾನು ತಪ್ಪಿಸಿಕೊಂಡರೆ ಮಕ್ಕಳಿಗೆ ಕೇಡಾದೀತೆಂದು ಬಿಡುಗಡೆಯ ಏರ್ಪಾಡನ್ನೇ ನಿರಾಕರಿಸಿದಳು. ಜುಲೈನಲ್ಲಿ ಆಕೆಯ ಕೊಲೆಯಾಯಿತು, ಮಕ್ಕಳು ಬದುಕಿದರು. ಬಿಯೆಲ್ಸ್ಕಿ ಸಹೋದರರು ಇಂದಿನ ಬೆಲಾರೂಸಿನ ನಾಲಿಬೋಕಿ ಕಾಡಿನಲ್ಲಿ ಬಂದೂಕು ಹಿಡಿಯಬಲ್ಲವರನ್ನಷ್ಟೇ ಆರಿಸಿಕೊಳ್ಳಬಹುದಾಗಿತ್ತು. ಅವರು ವೃದ್ಧರನ್ನೂ ಹೆಂಗಸರನ್ನೂ ಮಕ್ಕಳನ್ನೂ ಸೇರಿಸಿಕೊಂಡರು. 1944ರಲ್ಲಿ ಸುಮಾರು 1,200 ಜನ ಕಾಡಿನಿಂದ ಜೀವಂತವಾಗಿ ಹೊರಬಂದರು.

ಇಂಥವರನ್ನು ಮರೆತರೆ ಇನ್ನೊಂದು ಅನ್ಯಾಯವೂ ಆಗುತ್ತದೆ. ಯಹೂದ್ಯರು ಕೊಲೆಗೆ ಕೊರಳೊಡ್ಡಿ ಸುಮ್ಮನಿದ್ದರು, ರಕ್ಷಿಸಿದವರೆಲ್ಲ ಹೊರಗಿನವರು ಎಂಬ ಅರ್ಧಸತ್ಯ ಪೂರ್ಣಸತ್ಯವಾಗಿ ನಿಲ್ಲುತ್ತದೆ. ಯಹೂದಿ ರಕ್ಷಕರಿಗಾಗಿ ಬ್ನಾಯ್ ಬ್ರಿತ್ ಸಂಸ್ಥೆಯ ಜೆರುಸಲೇಮ್ ಕೇಂದ್ರವು ಜೊತೆಗೂಡಿ ಪ್ರಶಸ್ತಿಪತ್ರವನ್ನು ಆರಂಭಿಸಿದ್ದು 2011ರಲ್ಲಿ. ಅಷ್ಟರಲ್ಲಿ ಅನೇಕ ರಕ್ಷಕರೂ ಸಾಕ್ಷಿಗಳೂ ಕಾಲವಶರಾಗಿದ್ದರು.

ಕರ್ತವ್ಯವೆಂಬ ಮಾತು ಮಾಡುವವನ ಬಾಯಲ್ಲಿ ವಿನಯ. ನೋಡುವವನ ಬಾಯಲ್ಲಿ ಅದೇ ಮಾತು ಕೃತಘ್ನತೆಯಾದೀತು. ಈ ಅಂತರವನ್ನು ಸಜ್ಜನರು ಮರೆಯಬಾರದು.