ಅತ್ಯಾರ ಕೈ ಯಾಕ ಕಟ್ಟಿದ್ರು?

ಹೋದ ಶ್ರಾವಣದಾಗ ನಮ್ಮ ಅತ್ಯಾರು ಬಚ್ಚಲದಾಗ ಜಾರಿ ಬಿದ್ದು ತೊಡಿ ಎಲುವು ಮುರಕೊಂಡ್ರು. ವಯಸ್ಸು 79. ಆಪರೇಶನ್ ಛಲೋ ಆತು, ಡಾಕ್ಟ್ರು ಚಿಂತಿ ಇಲ್ಲ ಅಂದ್ರು. ಐಸಿಯುದಾಗ ಮನಿ ಮಂದಿ ಇರೂ ಹಂಗಿಲ್ಲ ಅಂತ ರಾತ್ರಿ ನಮ್ಮನ್ನ ಹೊರಗ ಕಳಿಸಿದ್ರು. ಮೂರನೇ ದಿನ ಮುಂಜಾನೆ ಥರ್ಮಾಸ್‌ನ್ಯಾಗ ಗಂಜಿ ತಗೊಂಡು ಒಳಗ ಹೋಗಿ ನೋಡತೀನಿ, ಅವರ ಎರಡೂ ಕೈ ಬ್ಯಾಂಡೇಜ್ ಅರಿವೀಲೆ ಮಂಚದ ಕಂಬಿಗೆ ಕಟ್ಟಿದ್ರು! ಮುಂಗೈ ಕೆಂಪಗಾಗಿ ಬಾತಿತ್ತು. ನನ್ನ ಗುರುತು ಹಿಡೀಲಿಲ್ಲ. "ದನಕ್ಕ ನೀರು ಕುಡಿಸಿದ್ಯೇನು?" ಅಂದ್ರು. ನಮ್ಮ ಮನ್ಯಾಗಿನ ದನ ಮಾರಿ ಇಪ್ಪತ್ತು ವರ್ಷ ಆತು.

"ರಾತ್ರಿ ಭಾಳ ಗಲಾಟಿ ಮಾಡ್ಯಾರ್ರೀ ಅಜ್ಜಿ. ಸಲೈನ್ ಕಿತ್ತಾರ, ಮಂಚ ಇಳಿಯಾಕ ನೋಡ್ಯಾರ. ಬಿದ್ರ ನಮ್ಮ ಮ್ಯಾಲೆ ಬರತೈತಿ" ಅಂದ್ಲು ಸಿಸ್ಟರ್. ನಮ್ಮ ನಾದಿನಿ ಗಾಳಿ ಸೋಕೈತಿ, ನಿಂಬಿಹಣ್ಣು ಇಳಿಸಿ ಒಗೀರಿ ಅಂದ್ಲು. ಮನಿಯವರು "ಡಾಕ್ಟ್ರಿಗೆ ತಿಳೀತೈತಿ, ನೀ ಸುಮ್ಮನಿರು" ಅಂದ್ರು. ಖರೇ ಹೇಳತೀನಿ, ನಾನೂ ಅರ್ಧಾ ದಿನ ಬಾಯಿ ಮುಚಗೊಂಡು ನಿಂತೆ. ಬಿಚ್ಚರಿ ಅನ್ನಾಕ ನನಗ ಧೈರ್ಯ ಬರಲಿಲ್ಲ.

ಸಂಜಿಮುಂದ ಬಂದ ಫಿಜಿಶಿಯನ್ ಡಾಕ್ಟ್ರು ಮೊದಲ ಕೈ ಬಿಚ್ಚಿಸಿದ್ರು, ಆಮ್ಯಾಲೆ ಮಾತಾಡಿದ್ರು. ಇದು ಹುಚ್ಚಲ್ಲ, ಮರವಿನ ಜಡ್ಡೂ ಅಲ್ಲ, ಡೆಲಿರಿಯಂ ಅಂದ್ರು. ಮೈಯಾಗಿನ ತೊಂದರಿ ಮಿದುಳಿಗೆ ಹತ್ತಿ ಒಮ್ಮಿಂದೊಮ್ಮೆ ಬುದ್ಧಿ ಕಲಸಿ ಹೋಗೂದು. ತೊಡಿ ಎಲುವು ಮುರದ ವಯಸ್ಸಾದವರೊಳಗ ಭಾಳ ಸಾಮಾನ್ಯ ಅಂತ. ಉಚ್ಚಿ ಕಟ್ಟಿದ್ರ, ಮಲಬದ್ಧತಿ ಆದ್ರ, ಸೋಂಕು ಆದ್ರ, ರಕ್ತದಾಗ ಸೋಡಿಯಂ ಇಳಿದ್ರ, ನೋವು ತಡೀಲಾರದ್ದಕ್ಕ, ನಿದ್ದಿ ಗುಳಿಗಿಗೆ, ಯಾವುದಕ್ಕರ ಬರಬಹುದು. ನೆಗಡಿಗೆ, ತುರಿಕಿಗೆ ಅಂತ ನಾವು ಅಂಗಡ್ಯಾಗ ಕೇಳಿ ತಗೊಳ್ಳೋ ಅವಿಲ್ ಗುಳಿಗೀನೂ ವಯಸ್ಸಾದವರ ತಲಿ ಕೆಡಸಬಹುದು. ಅತ್ಯಾರಿಗೆ ಉಚ್ಚಿ ಸೋಂಕಾಗಿತ್ತು, ಮ್ಯಾಲೆ ನಿದ್ದಿ ಗುಳಿಗಿ ಬ್ಯಾರೆ.

ಆಮ್ಯಾಲೆ ಅವರು ಒಂದು ಪ್ರಶ್ನಿ ಕೇಳಿದ್ರು. "ಅಜ್ಜಿ ಚಷ್ಮಾ ಎಲ್ಲೈತ್ರಿ? ಕಿವಿ ಮಷೀನ್?" ಎರಡೂ ನಮ್ಮ ಮನಿ ಕಪಾಟಿನ್ಯಾಗ ಇದ್ವು! ಹಲ್ಲಿನ ಸೆಟ್ಟೂ ಅಲ್ಲೇ. ಆಪರೇಶನ್‌ಕಿಂತ ಮೊದಲ ಎಲ್ಲಾ ಬಿಚ್ಚಿ ಪ್ಲಾಸ್ಟಿಕ್ ಚೀಲದಾಗ ಹಾಕಿ ನನ್ನ ಕೈಯಾಗ ಕೊಟ್ಟಿದ್ರು, ಕಳೀಬಾರದು ಅಂತ ನಾನು ಜ್ವಾಪಾನ ಮಾಡಿ ಇಟ್ಟಿದ್ದೆ. ವಿಚಾರ ಮಾಡ್ರಿ, ಕಣ್ಣು ಮಬ್ಬು, ಕಿವಿ ಕೇಳೂದಿಲ್ಲ, ಹೊತ್ತು ಯಾವುದು ತಿಳಿಯೂದಿಲ್ಲ, ಸುತ್ತ ಮೋರೆ ಮುಚಗೊಂಡ ಗುರುತಿಲ್ಲದ ಮಂದಿ, ಕೈಗೆ ಸೂಜಿ. ನಾನಿದ್ರೂ ಕಿತ್ತು ಒಗೀತಿದ್ದೆ.

ನಾ ಸಿಸ್ಟರನ್ನ ಬೈಯೂದಿಲ್ಲ. ರಾತ್ರಿ ಪಾಳ್ಯಾಗ ಆ ಹುಡುಗಿ ಒಬ್ಬಾಕಿನೇ ಎಷ್ಟ ಮಂಚ ನೋಡತಿದ್ಲು ಅಂತ ನಾ ಕಣ್ಣಾರೆ ನೋಡೇನಿ. ಆದ್ರ ಬೀಳಬಾರದು ಅಂತ ಕಟ್ಟೂದು ಸುರಕ್ಷತಾ ಅಂತ ಯಾರು ಹೇಳಿಕೊಟ್ರು? ಕಟ್ಟಿದಷ್ಟೂ ಜಗ್ಗತಾರ, ಹೆದರತಾರ, ಬುದ್ಧಿ ಇನ್ನೂ ಕಲಸತೈತಿ. ಬೆನ್ನು ಹುಣ್ಣಾಗತೈತಿ, ಕಾಲಾಗಿನ ಶಕ್ತಿ ಹೋಗತೈತಿ. ಕಂಬಿ ದಾಟಿ ಬಿದ್ರ ಇನ್ನೂ ಎತ್ತರದಿಂದ ಬೀಳತಾರ.

ತಮಿಳುನಾಡಿನ ಏರವಾಡಿಯೊಳಗ 2001ರ ಆಗಸ್ಟ್ 6ಕ್ಕ ಬೆಂಕಿ ಬಿದ್ದಾಗ ಸರಪಳಿ ಹಾಕಿ ಕಟ್ಟಿದ್ದ 28 ಮಂದಿ ಮನೋರೋಗಿಗಳು ಓಡಾಕ ಆಗದ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆಯೊಳಗ ಸರಪಳಿ ಹಾಕೂದು ಪೂರಾ ನಿಷೇಧ. ಬ್ಯಾರೆ ಥರಾ ಕಟ್ಟೂದೂ ಈಗಿಂದೀಗ ಅಪಾಯ ಆಗೂ ಹಂಗಿದ್ದು ಬ್ಯಾರೆ ದಾರಿನೇ ಇಲ್ಲ ಅಂದಾಗ ಅಷ್ಟ, ಅದೂ ಮನೋವೈದ್ಯರ ಒಪ್ಪಿಗಿ ಮ್ಯಾಲೆ. ಯಾಕ ಕಟ್ಟಿದ್ರು ಅಂತ ಕೇಸ್ ಪೇಪರ್‌ನ್ಯಾಗ ಬರೀಬೇಕು. ಸಿಬ್ಬಂದಿ ಕಡಿಮಿ ಅದಾರ ಅಂತ ಕಟ್ಟಬಾರದು ಅಂತ ಸ್ವಚ್ಛ ಬರದೈತಿ. ಈ ಕಾಯ್ದೆ ಮಾನಸಿಕ ಆರೋಗ್ಯದ ದವಾಖಾನಿಗಳ ಸಂಬಂಧ ಮಾಡಿದ್ದು. ಮನೋರೋಗಿಗೆ ಇರೂ ಅಷ್ಟು ಮರ್ಯಾದಿ ಎಲುವಿನ ದವಾಖಾನ್ಯಾಗ ಮಲಗಿದ ಮುದುಕಿಗೆ ಬ್ಯಾಡೇನ್ರಿ?

ದುಬಾರಿ ಮಷೀನ್ ಬೇಕು ಅಂತನೂ ಅಲ್ಲ. ಅಮೆರಿಕಾದ ಯೇಲ್ ಯುನಿವರ್ಸಿಟಿಯವರು 1999ರಾಗ 70 ದಾಟಿದ 852 ರೋಗಿಗಳ ಮ್ಯಾಲೆ ಮಾಡಿದ ಅಧ್ಯಯನ ಪ್ರಕಟ ಮಾಡಿದ್ರು. ಚಷ್ಮಾ ಹಾಕಿಸೂದು, ಕಿವಿ ಕೇಳೂ ಹಂಗ ಮಾಡೂದು, ಎಬ್ಬಿಸಿ ನಡೆಸೂದು, ನೀರು ಕುಡಿಸೂದು, ಇವತ್ತು ಯಾವ ವಾರ ಅಂತ ಹೇಳೂದು, ರಾತ್ರಿ ಗುಳಿಗಿ ಬದಲಿ ಬಿಸಿ ಹಾಲು ಕೊಟ್ಟು ಬೆನ್ನು ತಿಕ್ಕೂದು. ಹಿಂಗ ನೋಡಿಕೊಂಡವರೊಳಗ ನೂರಕ್ಕ ಸುಮಾರು 10 ಮಂದಿಗೆ ಡೆಲಿರಿಯಂ ಬಂತು, ಉಳಿದವರೊಳಗ 15 ಮಂದಿಗೆ. ಹಾಲು ಕೊಟ್ಟು ಬೆನ್ನು ತಿಕ್ಕೂದು ನಮ್ಮವ್ವ ದಿನಾ ಮಾಡತಿದ್ಲು, ಆಕಿಗೆ ಯಾವ ಯುನಿವರ್ಸಿಟಿ ಹೇಳಿತ್ತು!

ಅದಕ್ಕ ನಾ ಕೇಳೂದಿಷ್ಟ. ಭರ್ತಿ ಮಾಡಕೊಳ್ಳೂ ಮುಂದ ಆಧಾರ್ ಕಾರ್ಡು, ಇನ್ಶೂರೆನ್ಸ್ ಕೇಳೂ ದವಾಖಾನಿಯವರು ಚಷ್ಮಾ ಐತೇನು, ಕಿವಿ ಮಷೀನ್ ಐತೇನು, ಯಾವ ಭಾಷಾ ತಿಳೀತೈತಿ, ಮನ್ಯಾಗ ಏನ ಗುಳಿಗಿ ತಗೋತಾರ ಅಂತನೂ ಬರಕೊಳ್ಳಲಿ. ವಯಸ್ಸಾದವರ ಕಡೆ ಸಂಜಿಯಿಂದ ಮನಿಯವರು ಒಬ್ಬರು ಕುಂಡರಾಕ ಬಿಡಲಿ, ಹೊತ್ತು ಮುಳುಗಿದ ಮ್ಯಾಲೆ ಗೊಂದಲ ಜಾಸ್ತಿ ಆಗತೈತಿ. ಮತ್ತ ಗಲಾಟಿ ಮಾಡೋರನ್ನ ಅಷ್ಟ ನೋಡಬ್ಯಾಡ್ರಿ. ಊಟ ಬ್ಯಾಡ, ಮಾತು ಬ್ಯಾಡ ಅಂತ ಮಂಕಾಗಿ ಮಲಗಿದವರಿಗೂ ಇದೇ ಆಗಿರಬಹುದು. ಅವರನ್ನ ನಾವು "ಪಾಪ, ಶಾಂತ ಮಲಗ್ಯಾರ" ಅಂತ ಬಿಟ್ಟು ಬಿಡತೀವಿ.

ಅತ್ಯಾರಿಗೆ ಸರಿ ಆಗಾಕ ಐದಾರು ದಿನ ಹಿಡೀತು. ಚಷ್ಮಾ ಹಾಕಿದ ಮರುದಿನ ನನ್ನ ಹೆಸರು ಹಿಡಿದು ಚಹಾ ಕೇಳಿದ್ರು. ಮನಿಗೆ ಬಂದ ಮ್ಯಾಲೆ ಒಂದಿನ ಮುಂಗೈ ತಿಕ್ಕೋತ, "ನಾ ಏನ ತಪ್ಪ ಮಾಡಿದ್ನಬೇ, ಕಟ್ಟಿದ್ರು?" ಅಂದ್ರು. ನಾ ಒಳಗ ಅಡಗಿ ಮನಿಗೆ ಹೋದೆ.

ಮುಂದಿನ ವಾರ ನಮ್ಮ ಭಾವನವರದು ಪ್ರಾಸ್ಟೇಟ್ ಆಪರೇಶನ್ ಐತಿ. ನಮ್ಮ ನೆಗೆಣ್ಣಿಗೆ ಫೋನ್ ಮಾಡಿ ಚಷ್ಮಾ, ಕಿವಿ ಮಷೀನ್, ಅದರ ಸೆಲ್ಲು, ಗುಳಿಗಿ ಚೀಟಿ, ಒಂದು ಕೈಗಡಿಯಾರ ಚೀಲದಾಗ ಹಾಕು ಅಂದೆ. ಕೈಗಡಿಯಾರ ಯಾಕ ಅಂತ ನಕ್ಕಳು. ಮೊದಲನೇ ಎರಡು ರಾತ್ರಿ ನಾನೂ ಬರತೀನಿ ಅಂತ ಹೇಳೇನಿ.