ಆಗಸಕ್ಕೂ ಬೇಲಿ

ಹೆಲ್ಸಿಂಕಿ ವಿಮಾನ ನಿಲ್ದಾಣದಿಂದ ಟೋಕಿಯೋದ ನರಿಟಾಕ್ಕೆ ಸುಮಾರು 7,800 ಕಿಲೋಮೀಟರ್ ದೂರ. 2022ರ ಆರಂಭದವರೆಗೆ ವಿಮಾನಗಳು ಸೈಬೀರಿಯಾದ ಮೇಲಿಂದ ಹಾರಿ ಸುಮಾರು ಒಂಬತ್ತೂವರೆ ಗಂಟೆಗಳಲ್ಲಿ ಅಲ್ಲಿಗೆ ತಲುಪುತ್ತಿದ್ದವು. ಆ ಫೆಬ್ರವರಿಯಲ್ಲಿ ರಶ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಐರೋಪ್ಯ ಒಕ್ಕೂಟವು ರಶ್ಯಾದ ವಿಮಾನಗಳಿಗೆ ತನ್ನ ಆಗಸವನ್ನು ಮುಚ್ಚಿತು. ರಶ್ಯಾವೂ ಹಾಗೆಯೇ ಮಾಡಿತು. ಫಿನ್ನೇರ್ ವಿಮಾನಗಳು ಉತ್ತರ ಧ್ರುವದ ಹಾದಿ ಹಿಡಿಯಬೇಕಾಯಿತು. ಪ್ರಯಾಣ ಸುಮಾರು 13 ಗಂಟೆಗಳಿಗೆ ಏರಿತು. ಸೋವಿಯತ್ ಆಗಸ ಮುಚ್ಚಿದ್ದ 1983ರಲ್ಲಿ ಅದೇ ಸಂಸ್ಥೆ ಹಿಡಿದಿದ್ದುದೂ ಇದೇ ಹಾದಿ. ನಾಲ್ಕು ದಶಕಗಳಲ್ಲಿ ವಿಮಾನಗಳು ಸುಧಾರಿಸಿದವು, ಮನುಷ್ಯ ಮಾತ್ರ ಹೊರಟಲ್ಲಿಗೇ ಮರಳಿದ!

ನಮ್ಮ ನೆರೆಯ ಕಥೆಯೂ ಭಿನ್ನವಲ್ಲ. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನದ ಆಗಸ ಬಹುಪಾಲು ಮುಚ್ಚಿತ್ತು. ಪಹಲ್ಗಾಮ್ ಹತ್ಯಾಕಾಂಡದ ಬಳಿಕ, 2025ರ ಎಪ್ರಿಲ್‌ನಲ್ಲಿ, ಉಭಯ ದೇಶಗಳೂ ಪರಸ್ಪರರ ವಿಮಾನಗಳಿಗೆ ಬಾಗಿಲು ಹಾಕಿದವು. ದಿಲ್ಲಿಯಿಂದ ಯುರೋಪ್, ಅಮೆರಿಕಗಳಿಗೆ ಹೊರಟ ಭಾರತೀಯ ವಿಮಾನಗಳು ಅರಬೀ ಸಮುದ್ರದ ಕಡೆಯಿಂದ ಸುತ್ತಿ ಬಳಸಿ ಹಾರಬೇಕಾಯಿತು.

ತನ್ನ ಆಗಸದ ಮೇಲೆ ಪ್ರತಿಯೊಂದು ರಾಷ್ಟ್ರಕ್ಕೂ ಪೂರ್ಣ ಅಧಿಕಾರವಿದೆಯೆಂದು 1944ರ ಶಿಕಾಗೋ ಒಪ್ಪಂದ ಹೇಳುತ್ತದೆ. ಆ ಹಕ್ಕನ್ನು ನಾವು ಪ್ರಶ್ನಿಸುವುದಿಲ್ಲ. ಕ್ಷಿಪಣಿ ಹಾರುವಲ್ಲಿ ಪ್ರಯಾಣಿಕರ ವಿಮಾನ ಹಾರಕೂಡದೆಂಬುದೂ ನಿಜ. ಆದರೆ ಅಪಾಯ ಕಳೆದ ಮೇಲೂ ಬೀಗ ತೆರೆಯದಿದ್ದರೆ ಅದು ರಕ್ಷಣೆಯಲ್ಲ, ಹಗೆ. ಹೆಚ್ಚುವರಿ ಇಂಧನದ ಬೆಲೆಯನ್ನು ತೆರುವವರು ನಿರ್ಧಾರ ಕೈಗೊಂಡ ನಾಯಕರಲ್ಲ. ಮಗಳ ಹೆರಿಗೆಗೆ, ತಂದೆಯ ಅಂತ್ಯಸಂಸ್ಕಾರಕ್ಕೆ ಧಾವಿಸುವ ಸಾಮಾನ್ಯರು.

ಭೂಮಿ ಹಿಗ್ಗಿಲ್ಲ. ಹಿಗ್ಗಿರುವುದು ಮನಸ್ಸುಗಳ ನಡುವಿನ ಅಂತರ. ಅದನ್ನು ಕುಗ್ಗಿಸಲು ವಿಮಾನ ಸಾಲದು, ಮಾತುಕತೆ ಬೇಕು.