ಬೇಲೂರಿನ ಪೇಟೆಯಲ್ಲಿ ಹುಡುಗ ಕೇಳಿದ ಪ್ರಶ್ನೆ

ಕಳೆದ ವರ್ಷ ಮದ್ರಸದ ಮಕ್ಕಳನ್ನು ಕರೆದುಕೊಂಡು ನಾವು ಬೇಲೂರು, ಹಳೇಬೀಡಿಗೆ ಪ್ರವಾಸ ಹೋಗಿದ್ದೆವು. ಸುಬುಹಿ ನಮಾಝ್ ಮುಗಿಸಿ ಬಸ್ ಹತ್ತಿ, ಚಾರ್ಮಾಡಿ ಘಾಟಿ ಏರಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮೂಡಿಗೆರೆ ದಾಟಿ ಬೇಲೂರು ತಲುಪುವಾಗ ಬಿಸಿಲು ಏರಿತ್ತು. ಬಸ್ ನಿಲ್ಲಿಸಿ ಪೇಟೆಯೊಳಗೆ ನಡೆದು ಹೋದೆವು. ಹೂವಿನ ಅಂಗಡಿ, ಹಣ್ಣಿನ ಗಾಡಿ, ಬಟ್ಟೆಯಂಗಡಿ, ಚಹಾದ ಹೋಟೆಲು. ರಸ್ತೆಯ ಕೊನೆಯಲ್ಲಿ ಚೆನ್ನಕೇಶವ ದೇವಾಲಯದ ಎತ್ತರದ ಮಹಾದ್ವಾರ.

ಅಲ್ಲಿ ಒಬ್ಬ ಗೈಡ್ ಬೇರೆ ಶಾಲೆಯ ಮಕ್ಕಳಿಗೆ ವಿವರಿಸುತ್ತಿದ್ದರು: "ಈ ಗೋಪುರವನ್ನು ಹಿಂದೆ ತುರುಕರು ಸುಟ್ಟು ಹಾಕಿದರು. ಇದು ಆಮೇಲೆ ಕಟ್ಟಿದ್ದು." ನಮ್ಮ ಆರನೇ ತರಗತಿಯ ಹುಡುಗನೊಬ್ಬ ಹತ್ತಿರ ಬಂದು ಮೆಲ್ಲ ಕೇಳಿದ: "ಉಸ್ತಾದ್, ಅದು ನಮ್ಮವರಾ?"

"ಈಗ ಸುಮ್ಮನಿರು, ಆಮೇಲೆ ಹೇಳ್ತೇನೆ" ಅಂದೆವು. ನಿಜ ಹೇಳಬೇಕೆಂದರೆ, ಹೇಳಲು ನಮಗೆ ಗೊತ್ತಿರಲಿಲ್ಲ. ಮಕ್ಕಳಿಗೆ ತಜ್‌ವೀದ್, ಫಿಕ್‌ಹ್, ತಾರೀಖ್ ಕಲಿಸುತ್ತೇವೆ. ಬದರ್, ಉಹುದ್ ಯುದ್ಧಗಳ ಕಥೆ ನಮ್ಮ ಮಕ್ಕಳಿಗೆ ಬಾಯಿಪಾಠ. ಆದರೆ ಮನೆಯಿಂದ ಮೂರು ನಾಲ್ಕು ಗಂಟೆ ದೂರದ ಊರಿನಲ್ಲಿ ಏನಾಯಿತು ಎಂದು ಕೇಳಿದರೆ ಉಸ್ತಾದರೇ ಸುಮ್ಮನಾಗಬೇಕಾಯಿತು. ಹಿಂದೆ ಬಂದ ಮೇಲೆ ಪುಸ್ತಕ ಹುಡುಕಿ ಓದಿದೆವು. ಓದಿದ್ದನ್ನು ಮುಚ್ಚುಮರೆ ಇಲ್ಲದೆ ಇಲ್ಲಿ ಹೇಳುತ್ತೇವೆ.

ಗೈಡ್ ಹೇಳಿದ್ದು ಸುಳ್ಳಲ್ಲ. ಬೇಲೂರಿನ ದೇವಾಲಯವನ್ನು ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ. ಅದರ ಹೆಬ್ಬಾಗಿಲನ್ನು ಕಲಬುರಗಿ ಕಡೆಯಿಂದ ಬಂದ ಗಂಗ ಸಾಲಾರ ಎಂಬ ದಂಡಿನವನು ಸುಟ್ಟಿದ್ದ. ವಿಜಯನಗರದ ಎರಡನೇ ಹರಿಹರನ ಕಾಲದಲ್ಲಿ, 1397ರಲ್ಲಿ, ಗುಂಡ ಎಂಬ ದಂಡನಾಯಕ ಅದನ್ನು ಮತ್ತೆ ಕಟ್ಟಿಸಿದ. ಇದು ಶಾಸನದಲ್ಲೇ ಇದೆ.

ಹಳೇಬೀಡಿನ ಕಥೆ ಇನ್ನೂ ದೊಡ್ಡದು. ಆಗ ಅದರ ಹೆಸರು ದೋರಸಮುದ್ರ, ಹೊಯ್ಸಳರ ರಾಜಧಾನಿ. 1311ರಲ್ಲಿ ದೆಹಲಿಯ ಅಲಾವುದ್ದೀನ್ ಖಿಲ್ಜಿಯ ಸೇನಾಪತಿ ಮಲಿಕ್ ಕಾಫೂರ್ ದಂಡು ತಂದ. ಮೂರನೇ ಬಲ್ಲಾಳ ಸಂಪತ್ತು, ಆನೆ, ಕುದುರೆ ಒಪ್ಪಿಸಿ ಸಂಧಿ ಮಾಡಿಕೊಂಡ. ಮುಂದೆ ತುಘಲಕ್ ಕಾಲದಲ್ಲಿ ಮತ್ತೆ ದಂಡು ಬಂತು. ರಾಜಧಾನಿ ಹೋಗಿ ಹಾಳು ಬಿದ್ದ ಹಳೆಯ ಬೀಡು ಉಳಿಯಿತು. ಆ ಹೆಸರೇ ಇವತ್ತಿಗೂ ನಿಂತಿದೆ.

ಹಾಗಾದರೆ "ನಮ್ಮವರಾ?" ಎಂಬ ಪ್ರಶ್ನೆಗೆ ಉತ್ತರವೇನು?

ಆ ಕಾಲದಲ್ಲಿ ಬ್ಯಾರಿಗಳ ಕರಾವಳಿ ಹೇಗಿತ್ತು ಎಂದು ನೋಡಬೇಕು. 1342ರ ಸುಮಾರಿಗೆ ಇಬ್ನ್ ಬತೂತಾ ಮಂಗಳೂರಿಗೆ ಬಂದಿದ್ದರು. ಊರಿನ ಪಕ್ಕದಲ್ಲಿ ಸುಮಾರು 4,000 ಮುಸ್ಲಿಮರು ಇದ್ದರು, ಅವರಿಗೆ ಶಾಫಿ ಮದ್‌ಹಬಿನ ಒಬ್ಬ ಖಾಝಿ ಇದ್ದರು ಎಂದು ಬರೆದಿದ್ದಾರೆ. ಊರಿನವರಿಗೂ ಇವರಿಗೂ ಆಗಾಗ ಜಗಳ ಆಗುತ್ತಿತ್ತಂತೆ. ಆದರೆ ವ್ಯಾಪಾರಿಗಳು ಬೇಕು ಎಂಬ ಕಾರಣಕ್ಕೆ ರಾಜನೇ ರಾಜಿ ಮಾಡಿಸುತ್ತಿದ್ದನಂತೆ. ಅಂದರೆ ನಮ್ಮ ಕಡಲ ಬದಿಗೆ ದೀನ್ ಬಂದದ್ದು ಹಡಗಿನಲ್ಲಿ, ಸರಕಿನ ಜೊತೆಗೆ. ದೆಹಲಿಯ ದಂಡಿನ ಜೊತೆಗಲ್ಲ.

ಅದೇ ಇಬ್ನ್ ಬತೂತಾ ಇನ್ನೊಂದು ಸಂಗತಿ ಹೇಳುತ್ತಾರೆ. ಹೊಯ್ಸಳ ಬಲ್ಲಾಳನ ದಂಡಿನಲ್ಲಿ ಸುಮಾರು 20,000 ಮುಸ್ಲಿಮರಿದ್ದರಂತೆ. ಅವರನ್ನು ಅವರೇನೂ ಹೊಗಳುವುದಿಲ್ಲ, ಪುಂಡರು, ಓಡಿಬಂದ ಗುಲಾಮರು ಎಂಬಂತೆ ಬರೆಯುತ್ತಾರೆ. ಆ ಬಲ್ಲಾಳ ಕೊನೆಗೆ ಸತ್ತದ್ದು ಮಧುರೆಯ ಸುಲ್ತಾನನ ಜೊತೆಗಿನ ಯುದ್ಧದಲ್ಲಿ. ಒಂದು ಕಡೆ ಹಿಂದೂಗಳು, ಇನ್ನೊಂದು ಕಡೆ ಮುಸ್ಲಿಮರು ಎಂದು ಗೆರೆ ಎಳೆದು ಹೇಳುವ ಕಥೆ ಇದಲ್ಲ ಎಂಬುದಕ್ಕೆ ಇಷ್ಟು ಸಾಕು. ರಾಜರಿಗೆ ಬೇಕಾದದ್ದು ಆನೆ, ಚಿನ್ನ, ನೆಲ.

ಆದರೆ ಇಲ್ಲಿ ನಾವು ಒಂದು ತಪ್ಪು ಮಾಡಬಾರದು. "ಅದು ಘಟ್ಟದ ಮೇಲಿನ ಉರ್ದು ಮಾತಾಡುವವರ ವಿಷಯ, ಬ್ಯಾರಿಗಳಿಗೆ ಸಂಬಂಧ ಇಲ್ಲ" ಎಂದು ಕೈ ತೊಳೆದುಕೊಳ್ಳುವ ಮಾತನ್ನು ನಾವೇ ಕೇಳಿದ್ದೇವೆ. ಬೇಲೂರಿನಲ್ಲಿ ಹಣ್ಣು ಮಾರುವ ಸಾಬರು ಯಾವ ದಂಡಿನಲ್ಲಿ ಬಂದವರು? ಅವರೂ ನಮ್ಮಂತೆಯೇ ಈ ನೆಲದ ದುಡಿಯುವ ಜನ. ಒಬ್ಬರ ಪಾಪ ಇನ್ನೊಬ್ಬರ ತಲೆಗೆ ಬರುವುದಿಲ್ಲ ಎಂಬುದು ನಮ್ಮ ದೀನ್ ಕಲಿಸುವ ಪಾಠ. ಅದು ಬ್ಯಾರಿಗೂ ಒಂದೇ, ದಕ್ಕನಿಗೂ ಒಂದೇ. ಸುಟ್ಟವನ ಪಾಪ ನಮ್ಮದಲ್ಲ. ಆದರೆ ಸುಟ್ಟದ್ದು ನಡೆದೇ ಇಲ್ಲ ಎಂದು ಮಕ್ಕಳಿಗೆ ಹೇಳಿದರೆ ಆ ಸುಳ್ಳು ನಮ್ಮದು.

ಅದೇ ಪೇಟೆಯಲ್ಲಿ ಗೈಡ್ ಹೇಳದೆ ಬಿಟ್ಟ ಇನ್ನೊಂದು ಸಂಗತಿಯೂ ಇದೆ. ಚೈತ್ರದಲ್ಲಿ ಚೆನ್ನಕೇಶವನ ರಥೋತ್ಸವ ನಡೆಯುವಾಗ ದೊಡ್ಡಮೇದೂರಿನ ಖಾಜಿಯವರು ಬಂದು ರಥದ ಎದುರು ಕುರ್‌ಆನ್ ಪಠಿಸುವ ಪದ್ಧತಿ ಹಿಂದಿನಿಂದ ನಡೆದು ಬಂದಿತ್ತು. ದೇವಾಲಯದ 1932ರ ಕೈಪಿಡಿಯಲ್ಲಿಯೂ ಖಾಜಿಯವರ ಉಲ್ಲೇಖವಿದೆ. 2022ರಲ್ಲಿ ಇದಕ್ಕೆ ವಿರೋಧ ಬಂದಾಗಲೂ ಮುಜರಾಯಿ ಇಲಾಖೆ ಪದ್ಧತಿಯನ್ನು ನಡೆಸಿಕೊಟ್ಟಿತು. 2023ರಲ್ಲಿ ಮತ್ತೆ ಪ್ರತಿಭಟನೆ ಆಯಿತು.

ಇದರ ಬಗ್ಗೆ ನಮ್ಮಲ್ಲೂ ಎರಡು ಮಾತಿದೆ. "ಖಾಜಿ ಅಲ್ಲಿಗೆ ಯಾಕೆ ಹೋಗಬೇಕು?" ಎಂದು ಕೇಳುವವರಿದ್ದಾರೆ. ಅದು ಮಸ್‌ಅಲದ ವಿಷಯ, ಉಲಮಾಗಳು ಹೇಳಲಿ. ನಾವು ಹೇಳುವುದು ಚರಿತ್ರೆಯ ವಿಷಯ. ಒಂದು ಕಾಲದಲ್ಲಿ ಗೋಪುರ ಸುಟ್ಟದ್ದೂ ನಿಜ, ಇನ್ನೊಂದು ಕಾಲದಲ್ಲಿ ಅದೇ ಬೀದಿಯಲ್ಲಿ ಒಬ್ಬ ಖಾಜಿಗೆ ಜಾಗ ಬಿಟ್ಟುಕೊಟ್ಟದ್ದೂ ನಿಜ. ಒಂದನ್ನು ಮಾತ್ರ ಹೇಳಿದರೆ ಅರ್ಧ ಸತ್ಯ. ಗೈಡ್ ಒಂದು ಅರ್ಧ ಹೇಳಿದರು, ನಾವು ಯಾವ ಅರ್ಧವನ್ನೂ ಹೇಳಲಿಲ್ಲ.

ಬೇಲೂರು ಒಂದೇ ಅಲ್ಲ. ಹುಬ್ಬಳ್ಳಿ ಕಡೆ ಹೋಗುವ ನಮ್ಮವರಿಗೆ ಅರಸೀಕೆರೆ ಅಂದರೆ ರಾತ್ರಿ ರೈಲು ಬದಲಾಯಿಸುವ ಜಂಕ್ಷನ್, ವ್ಯಾಪಾರಿಗಳಿಗೆ ಕೊಬ್ಬರಿ ಮಾರುಕಟ್ಟೆ. ಅಷ್ಟೇ ಗೊತ್ತು. ಅದೇ ಊರಿನಲ್ಲಿ 1220ರಲ್ಲಿ ಕಟ್ಟಿದ ಶಿವಾಲಯವಿದೆ. ಅದೇ ವರ್ಷ ರೇಚರಸ ಎಂಬ ಮಂತ್ರಿ ಕಟ್ಟಿಸಿದ ಜೈನರ ಸಹಸ್ರಕೂಟ ಬಸದಿಯೂ ಇದೆ. ಹಳೇಬೀಡಿನಲ್ಲಿ ಶಿವನ ಗುಡಿಯಿಂದ ಸ್ವಲ್ಪ ನಡೆದರೆ ಬಸದಿಹಳ್ಳಿ, ಅಲ್ಲಿ 1133ರ ಪಾರ್ಶ್ವನಾಥ ಬಸದಿ. ಬೇರೆ ಬೇರೆ ನಂಬಿಕೆಯವರು ಒಂದೇ ಪೇಟೆಯಲ್ಲಿ ಬದುಕುವುದು ಈ ನಾಡಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಮುಸ್ಲಿಮರು ಬರುವ ಮೊದಲೇ ಇತ್ತು. ನಾವು ಅದರೊಳಗೆ ಬಂದು ಸೇರಿದವರು.

ಇನ್ನು ಪೇಟೆ ಅಂದರೆ ಕಲ್ಲಿನ ಕೆತ್ತನೆ ಮಾತ್ರವಲ್ಲ, ಸುತ್ತಲಿನ ಮನೆಗಳೂ ಹೌದು. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಸಂತೋಷದ ವಿಷಯ. ಆದರೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು, ಹಳೆ ಮನೆಯ ರಿಪೇರಿಗೂ ಅನುಮತಿ ಬೇಕು. ಇದು ಅಲ್ಲಿ ವಾಸಿಸುವ ಹಿಂದೂ, ಮುಸ್ಲಿಂ ಎಲ್ಲರಿಗೂ ಒಂದೇ ಕಾನೂನು. ಅಂಥ ಪೇಟೆಗಳಲ್ಲಿ ಮನೆ, ಅಂಗಡಿ, ಮಸೀದಿಯ ಜಾಗ ಇರುವವರು ಹಳೆಯ ಖಾತೆ, ಕಂದಾಯದ ರಸೀದಿ, ವಕ್ಫ್ ಕಾಗದ ಜೋಪಾನವಾಗಿ ಇಟ್ಟುಕೊಳ್ಳಬೇಕು. ಕಾಗದ ಇಲ್ಲದವರಿಗೆ ಚರಿತ್ರೆಯಲ್ಲಿಯೂ ಜಾಗ ಸಿಗುವುದು ಕಷ್ಟ, ಕಚೇರಿಯಲ್ಲಿಯೂ ಕಷ್ಟ.

ನಮ್ಮ ಸಲಹೆ ದೊಡ್ಡದೇನಲ್ಲ. ಮದ್ರಸಗಳಲ್ಲಿ ವಾರಕ್ಕೊಂದು ಪೀರಿಯಡ್ ಊರಿನ ಚರಿತ್ರೆಗೆ ಇಡೋಣ. ನಮ್ಮ ಮಸೀದಿಯನ್ನು ಯಾವಾಗ, ಯಾರ ಜಾಗದಲ್ಲಿ ಕಟ್ಟಿದರು, ಪಕ್ಕದ ದೇವಸ್ಥಾನಕ್ಕೂ ನಮಗೂ ಏನು ಕೊಡುಕೊಳೆ ಇತ್ತು, ಘಟ್ಟ ಹತ್ತಿ ಒಣಮೀನು, ಉಪ್ಪು ಮಾರಲು ಹೋದ ನಮ್ಮ ಅಜ್ಜಂದಿರು ಯಾರ ಜಗಲಿಯಲ್ಲಿ ರಾತ್ರಿ ಮಲಗಿದರು ಎಂದು ಮಕ್ಕಳೇ ಹಿರಿಯರ ಹತ್ತಿರ ಕೇಳಿ ಬರೆಯಲಿ. ಬೇಲೂರಿಗೆ ಹೋಗುವವರು ಫೋಟೊ ತೆಗೆದು, ಊಟ ಮಾಡಿ ಬರುವುದರ ಬದಲು ಹೋಗುವ ಮೊದಲು ಒಂದು ಗಂಟೆ ಓದಿಕೊಂಡು ಹೋಗಲಿ. ದೇವಸ್ಥಾನಕ್ಕೆ ಮದ್ರಸದ ಮಕ್ಕಳನ್ನು ಯಾಕೆ ಕರೆದುಕೊಂಡು ಹೋದಿರಿ ಎಂದು ನಮ್ಮನ್ನು ಕೇಳಿದವರೂ ಇದ್ದಾರೆ. ನೋಡಿ ತಿಳಿಯುವುದು ಆರಾಧನೆ ಅಲ್ಲ. ನಾವು ಹೇಳದಿದ್ದರೆ ಮಕ್ಕಳ ಕೈಯಲ್ಲಿರುವ ಫೋನ್ ಹೇಳುತ್ತದೆ. ಫೋನ್ ಹೇಳುವ ಚರಿತ್ರೆಯಲ್ಲಿ ಒಂದೋ ನಾವು ರಾಕ್ಷಸರು, ಇಲ್ಲವೋ ನಾವು ಏನೂ ಮಾಡದ ಪಾಪದವರು. ಎರಡೂ ಮಕ್ಕಳನ್ನು ಹಾಳು ಮಾಡುತ್ತವೆ.

ಆ ಹುಡುಗನಿಗೆ ತಡವಾಗಿಯಾದರೂ ಉತ್ತರ ಕೊಟ್ಟೆವು. "ಸುಟ್ಟವನು ಮುಸ್ಲಿಂ ರಾಜನ ದಂಡಿನವನು, ಅದು ತಪ್ಪು. ಅವನು ನಿನ್ನ ಅಜ್ಜ ಅಲ್ಲ, ಆದರೂ ತಪ್ಪನ್ನು ತಪ್ಪು ಅಂತಲೇ ಹೇಳಬೇಕು. ಯಾರಾದರೂ ಅದಕ್ಕೆ ನಿನ್ನನ್ನು ಬೈದರೆ ತಲೆ ತಗ್ಗಿಸಬೇಡ, ಜಗಳಕ್ಕೂ ಹೋಗಬೇಡ. ಖಾಜಿಯ ಕಥೆಯನ್ನೂ ಹೇಳು." ಅವನು ಸ್ವಲ್ಪ ಯೋಚಿಸಿ, "ಮುಂದಿನ ಸಲ ರಥದ ದಿವಸವೇ ಹೋಗುವನಾ ಉಸ್ತಾದ್?" ಎಂದು ಕೇಳಿದ. ಮನೆಯವರ ಹತ್ತಿರ ಕೇಳಿ ನೋಡುವ ಎಂದಿದ್ದೇವೆ.

ಸತ್ಯವನ್ನು ತಿಳಿಯುವ, ತಿಳಿದದ್ದನ್ನು ಮಕ್ಕಳಿಗೆ ಹೇಳುವ ತೌಫೀಕ್ ಅಲ್ಲಾಹು ನಮಗೆಲ್ಲರಿಗೂ ನೀಡಲಿ. ಆಮೀನ್.